ಹಕ್ಕಿಗಾಗಿ ಅಲ್ಲ, ಹುಲ್ಲಿಗಾಗಿ ಸಾವಿರ ಕಿಲೋಮೀಟರು

ಕೋಳಿ ಜಾತಿಯ ಫೆಸೆಂಟ್ ಹಕ್ಕಿಯ ಶಿಕಾರಿಗೆಂದು ನಾನು ವರ್ಷಕ್ಕೊಮ್ಮೆ ಇಲಿನಾಯ್‌ನಿಂದ ಸೌತ್ ಡಕೋಟಾದ ರೆಡ್‌ಫೀಲ್ಡ್ ಕಡೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕಾರು ಓಡಿಸುತ್ತೇನೆಂದರೆ ಇಲ್ಲಿನ ಕನ್ನಡದ ಗೆಳೆಯರಲ್ಲಿ ಕೆಲವರು ನಗುತ್ತಾರೆ, ಕೆಲವರು ಮಾತು ಬದಲಿಸುತ್ತಾರೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಕೊಡಗಿನ ಮನೆಯಲ್ಲಿ ಬೆಳೆದವನು ನಾನು. ಆದರೆ 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ್ದರಿಂದ ಊರಿನಲ್ಲಿ ಒಂದು ಕಾಡುಕೋಳಿಗೂ ಈಡು ಹೊಡೆದವನಲ್ಲ. ಶಿಕಾರಿಯನ್ನು ಕಲಿತದ್ದು ಈ ದೇಶದಲ್ಲಿಯೇ.

ಜೊತೆಗೆ ಬರುವ ಅಮೆರಿಕದ ಗೆಳೆಯರಿಗೆ ಬೇರೆಯೇ ಒಂದು ದೂರಿದೆ. ಹೊರರಾಜ್ಯದವರಿಗೆ ಪರವಾನಗಿ ಶುಲ್ಕ ಸ್ಥಳೀಯರಿಗಿಂತ ಹಲವು ಪಟ್ಟು. ಅಷ್ಟು ಕೊಟ್ಟರೂ ಸಿಗುವುದು ಐದೈದು ದಿನಗಳ ಎರಡು ಕಂತು ಮಾತ್ರ. ಇದು ತಾರತಮ್ಯವಲ್ಲವೇ ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಮೊಂಟಾನಾದ ಎಲ್ಕ್ ಜಿಂಕೆಯ ಶಿಕಾರಿಗೆ ಸಂಬಂಧಿಸಿದ ಇಂಥದೇ ಮೊಕದ್ದಮೆಯಲ್ಲಿ, ಮೋಜಿನ ಬೇಟೆಯು ಮೂಲಭೂತ ಹಕ್ಕಲ್ಲವಾದ್ದರಿಂದ ಹೊರಗಿನವರಿಂದ ಹೆಚ್ಚು ಹಣ ಪಡೆಯಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿಯೇ ತೀರ್ಪು ನೀಡಿದೆ. ನನಗೂ ಅದು ನ್ಯಾಯವೆಂದೇ ತೋರುತ್ತದೆ, ಏಕೆಂದರೆ ನಾವು ಅಲ್ಲಿಗೆ ಹೋಗಿ ಕೊಳ್ಳುತ್ತಿರುವುದು ಹಕ್ಕಿಯನ್ನಲ್ಲ, ಯಾರೋ ಉಳುಮೆ ಮಾಡದೆ ಉಳಿಸಿಕೊಟ್ಟ ಹುಲ್ಲನ್ನು.

ಫೆಸೆಂಟ್ ಅಮೆರಿಕದ ಹಕ್ಕಿಯೂ ಅಲ್ಲ. ಏಷ್ಯಾದಿಂದ ತಂದು 1908ರ ಸುಮಾರಿಗೆ ರೆಡ್‌ಫೀಲ್ಡ್ ಇರುವ ಸ್ಪಿಂಕ್ ಕೌಂಟಿಯಲ್ಲಿ ಬಿಟ್ಟ ಹಕ್ಕಿಗಳು ಅಲ್ಲಿ ನೆಲೆ ಕಂಡವು, 1919ರಲ್ಲಿ ಮೊದಲ ಶಿಕಾರಿ ನಡೆಯಿತು, 1943ರಲ್ಲಿ ಅದು ರಾಜ್ಯಪಕ್ಷಿಯೇ ಆಯಿತು. ಹೇಂಟೆ ನೆಲದಲ್ಲಿ ಗೂಡು ಮಾಡಿ ಸುಮಾರು 23 ದಿನ ಕಾವು ಕೂರುತ್ತದೆ. ಆ ದಿನಗಳಲ್ಲಿ ಹುಲ್ಲು ಕೊಯ್ದರೆ ಮೊಟ್ಟೆಯ ಕಥೆ ಮುಗಿಯಿತು. ಮರಿಗಳಿಗೆ ಮೊದಲ ವಾರಗಳಲ್ಲಿ ಹುಳುಗಳೇ ಬೇಕು, ಹಿಮ ಬಿದ್ದ ಮೇಲೆ ಆಪು ಬೆಳೆದ ಜೌಗು ಬೇಕು. 1985ರ ಕೃಷಿ ಕಾಯ್ದೆಯಲ್ಲಿ ಬಂದ ಭೂಸಂರಕ್ಷಣಾ ಯೋಜನೆಯು ಹತ್ತರಿಂದ ಹದಿನೈದು ವರ್ಷ ಹೊಲವನ್ನು ಹುಲ್ಲಿಗೆ ಬಿಟ್ಟ ರೈತನಿಗೆ ವರ್ಷವರ್ಷವೂ ಬಾಡಿಗೆ ಕೊಡುತ್ತದೆ. ಇನ್ನು ದಿನಕ್ಕೆ ತಲಾ ಮೂರು ಹುಂಜ ಹೊಡೆಯುವುದರಿಂದ ಸಂತತಿಗೆ ಅಂಥ ಪೆಟ್ಟೇನೂ ಬೀಳುವುದಿಲ್ಲ, ಏಕೆಂದರೆ ಒಂದು ಹುಂಜ ಹಲವು ಹೇಂಟೆಗಳಿಗೆ ಸಾಕು. ಹೇಂಟೆಗೆ ಕೋವಿ ಎತ್ತುವಂತೆಯೇ ಇಲ್ಲ.

ನಮ್ಮ ಇಲಿನಾಯ್‌ಗೆ ಹುಲ್ಲುಗಾವಲಿನ ರಾಜ್ಯವೆಂದೇ ಅಡ್ಡಹೆಸರು. ಆ ಮೂಲ ಹುಲ್ಲುಗಾವಲು ಈಗ ಶೇಕಡಾ 1ರಷ್ಟೂ ಉಳಿದಿಲ್ಲ. ರಸ್ತೆಯ ಅಂಚಿನವರೆಗೂ ಮೆಕ್ಕೆಜೋಳ ಮತ್ತು ಸೋಯಾ. ಇಲ್ಲಿ ಸರ್ಕಾರವೇ ಕೆಲವು ಜಾಗಗಳಲ್ಲಿ ಸಾಕಿದ ಫೆಸೆಂಟ್‌ಗಳನ್ನು ಬಿಟ್ಟು ಶಿಕಾರಿ ಮಾಡಿಸುತ್ತದೆ. ನಾನೂ ಹೋಗಿದ್ದೇನೆ. ಬಲೆಗೂಡಿನಲ್ಲಿ ಬಾಲದ ಗರಿ ಸವೆದ ಹುಂಜವೊಂದು ನಾಯಿ ಮೂಗಿನ ಹತ್ತಿರ ಬಂದರೂ ಎದ್ದೇಳದೆ ನನ್ನನ್ನೇ ನೋಡುತ್ತಾ ಕುಳಿತಿತ್ತು. ಕಾಲಲ್ಲಿ ತಳ್ಳಿ ಹಾರಿಸುವಂತಾದಾಗ ನಾಚಿಕೆಯಾಗಿ ಕೋವಿ ಇಳಿಸಿದೆ.

ರೆಡ್‌ಫೀಲ್ಡ್ ಹತ್ತಿರದ ಹುಂಜ ಹಾಗಲ್ಲ. ಕಾರಿನ ಬಾಗಿಲು ಮುಚ್ಚಿದ ಸದ್ದಿಗೇ ಅದು ಓಟ ಕೀಳುತ್ತದೆ. ಕಳೆದ ಸಲ ಒಂದೇ ಹುಂಜದ ಹಿಂದೆ ನಾಯಿ, ನಾನು ಮುಕ್ಕಾಲು ಗಂಟೆ ಎದೆಮಟ್ಟದ ಹುಲ್ಲಿನಲ್ಲಿ ತಿರುಗಿದೆವು. ಕೊನೆಗೆ ಅದು ನಮ್ಮ ಬೆನ್ನ ಹಿಂದಿನಿಂದ ಕೇಕೆ ಹಾಕಿಕೊಂಡು ಎದ್ದಿತು, ನನ್ನ ಎರಡೂ ಈಡು ಗಾಳಿಗೆ ಹೋದವು.

ಆದ್ದರಿಂದ ಇಲಿನಾಯ್‌ನಲ್ಲಿ ಇನ್ನಷ್ಟು ಹಕ್ಕಿ ಬಿಡಿರೆಂದು ಕೇಳುವವರ ಜೊತೆ ನಾನಿಲ್ಲ. ಕೋವಿ, ತೋಟೆಗಳ ಮೇಲೆ ನಾವು ಕೊಡುವ ಶೇಕಡಾ 11ರ ತೆರಿಗೆ 1937ರ ಕಾನೂನಿನಂತೆ ವನ್ಯಜೀವಿಗಳಿಗಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ನಮ್ಮ ಪಾಲಿಗೆ ಬಂದದ್ದರಲ್ಲಿ ಹುಲ್ಲಿಗೆಷ್ಟು ಹೋಯಿತೆಂದು ಕೇಳಬೇಕು. ಸೌತ್ ಡಕೋಟಾದಿಂದ ಹಕ್ಕಿ ತರುವಾಗ ಅದು ಹುಂಜವೆಂದು ತೋರಿಸಲು ತಲೆಯನ್ನೋ ಕಾಲನ್ನೋ ಗರಿಯಿರುವ ರೆಕ್ಕೆಯನ್ನೋ ಉಳಿಸಿಕೊಂಡಿರಬೇಕು. ಹಾಗೆ ಕಾಲು ಉಳಿಸಿದ ಎರಡು ಹುಂಜಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಈ ಸಲ ಮನೆ ಹತ್ತಿರ ಬರುವಾಗ, ಕೊಯ್ಲಾದ ಹೊಲಗಳನ್ನು ರಾತ್ರಿಯೂ ದೀಪ ಹಾಕಿಕೊಂಡು ಬೇಲಿಯ ಬುಡದವರೆಗೆ ಉಳುತ್ತಿದ್ದರು.