ಬಿ.ಪಿ. ಇರುವವರಿಗೆ ಔಷಧೀಯ ಗಾಂಜಾ ಕೊಡಬಹುದೇ?

ಪರ: ಅಷ್ಟು ಹೆದರಬೇಕಿಲ್ಲ

ಔಷಧಶಾಸ್ತ್ರ ಕಲಿಸುವವನೆಂದು ನನ್ನನ್ನು ಈ ಕಡೆ ಕೂರಿಸಿದ್ದಾರೆ. ಕೂತಿದ್ದೇನೆ. ಬಿ.ಪಿ. ಮಾತ್ರೆ ಬಿಸಾಡಿ ಗಾಂಜಾ ಎಣ್ಣೆ ಹಿಡಿಯಿರಿ ಎನ್ನುವವನು ನಾನಲ್ಲ. ರಕ್ತದೊತ್ತಡಕ್ಕೇ ಎಂದು ಒಪ್ಪಿಗೆ ಪಡೆದ ಗಾಂಜಾ ಔಷಧಿ ಯಾವುದೂ ಇಲ್ಲ. ಆದರೆ ಹಳೆಯ ನೋವಿಗೋ ಕೀಮೋ ನಂತರದ ವಾಂತಿಗೋ ವೈದ್ಯರು ಬರೆದುಕೊಟ್ಟದ್ದನ್ನು ಬಿ.ಪಿ. ಇದೆಯೆಂಬ ಒಂದೇ ಕಾರಣಕ್ಕೆ ತಡೆಯಬೇಕೆ?

ಇಸ್ರೇಲಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ದಾಟಿದ, ಬಿ.ಪಿ. ಇದ್ದ 26 ಮಂದಿ ಇದ್ದರು. ಗಾಂಜಾ ಶುರುಮಾಡಿ ಮೂರು ತಿಂಗಳಾದ ಮೇಲೆ, ದಿನವಿಡೀ ತೋಳಿಗೆ ಕಟ್ಟಿದ ಯಂತ್ರದಲ್ಲಿ ಮೇಲಿನ ಅಂಕಿ ಸರಾಸರಿ 5, ಕೆಳಗಿನದು 4.5 ಇಳಿದಿತ್ತು. 2017ರಲ್ಲಿ ಬ್ರಿಟನ್‌ನಲ್ಲಿ 9 ಆರೋಗ್ಯವಂತ ಗಂಡಸರಿಗೆ 600 ಮಿಲಿಗ್ರಾಂ ಸಿಬಿಡಿ (ಗಾಂಜಾದಲ್ಲಿರುವ, ಅಮಲೇರಿಸದ ಅಂಶ) ಕೊಟ್ಟಾಗಲೂ ಮೇಲಿನ ಅಂಕಿ 6ರಷ್ಟು ಇಳಿಯಿತು. ಅಚ್ಚರಿಯೇನಿಲ್ಲ. ಗಾಂಜಾದಂತೆಯೇ ಕೆಲಸ ಮಾಡುವ ಒಂದು ವಸ್ತುವನ್ನು ನಮ್ಮ ದೇಹವೇ ತಯಾರಿಸುತ್ತದೆ. 1992ರಲ್ಲಿ ಅದನ್ನು ಪತ್ತೆಮಾಡಿದವರು ಸಂಸ್ಕೃತದ ‘ಆನಂದ’ದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು.

ಹೃದಯಾಘಾತದ ಗುಮ್ಮ ತೋರಿಸುವ ಲೆಕ್ಕಗಳು ಬಹುಪಾಲು ಹೊಗೆ ಎಳೆಯುವವರವು. ನಾನು ಹೇಳುತ್ತಿರುವುದು ನಾಲಿಗೆಯ ಕೆಳಗೆ ಬಿಡುವ ಹನಿಗಳ ಮಾತು. ಮೊದಮೊದಲು ತಲೆಸುತ್ತು ಬರುವುದುಂಟು, ದೇಹ ಒಗ್ಗಿದಂತೆ ತಗ್ಗುತ್ತದೆ.

ವಿರೋಧ: ನಿಲ್ಲಿಸಿ ಅಳೆದಿರಾ?

ಒಗ್ಗುತ್ತದಂತೆ! ಒಗ್ಗುವ ತನಕ ಬೀಳದೆ ಇರಬೇಕಲ್ಲ.

26 ಮಂದಿ, 9 ಮಂದಿ. ಎಲ್ಲರನ್ನೂ ಕೂಡಿಸಿದರೂ ಒಂದು ಬಸ್ಸು ತುಂಬದು. ಆ 26 ಮಂದಿಗೆ ಹೋಲಿಸಿ ನೋಡಲು ಗಾಂಜಾ ತೆಗೆದುಕೊಳ್ಳದ ಇನ್ನೊಂದು ಗುಂಪೇ ಇರಲಿಲ್ಲ. ಇಂಥ ಲೆಕ್ಕ ನಂಬುವವರು ನಾಳೆ ಬಿ.ಪಿ.ಗೆ ಗಾಂಜಾ ಗಿಡದ ನೆರಳಲ್ಲಿ ಕೂರಿ ಎಂದಾರು.

ನಮ್ಮ ಚಿಕ್ಕಪ್ಪನಿಗೆ 74. ಸರ್ಪಸುತ್ತು ವಾಸಿಯಾದ ಮೇಲೂ ಪಕ್ಕೆಯಲ್ಲಿ ಬೆಂಕಿ ಇಟ್ಟಂಥ ಉರಿ ಉಳಿದಿತ್ತು. ಬಿ.ಪಿ.ಗೆ ಎರಡು ಮಾತ್ರೆ ಮೊದಲಿಂದಲೂ ಇತ್ತು. ವೈದ್ಯರು ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲೇರಿಸುವ ಅಂಶ, ಇರುವ ಎಣ್ಣೆ ಬರೆದುಕೊಟ್ಟರು, ರಾತ್ರಿ ಮಲಗುವಾಗ ಇಷ್ಟು ಹನಿ ಎಂದು. ಕುರ್ಚಿಯಲ್ಲಿ ಕೂರಿಸಿ ಬಿ.ಪಿ. ನೋಡಿದರು, ಚೆನ್ನಾಗಿದೆ ಎಂದರು.

ಮೂರನೇ ರಾತ್ರಿ ಎರಡೂವರೆಗೆ ಲೋಟ ಉರುಳಿದ ಸದ್ದು. ಓಡಿಹೋದರೆ ಚಿಕ್ಕಪ್ಪ ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದಾರೆ, ಒಂದು ಚಪ್ಪಲಿ ಕಾಲಲ್ಲೇ ಇದೆ. “ಎದೆ ಡವಡವ ಅಂತಿತ್ತು ಕಣೋ, ಕಣ್ಣು ಕತ್ತಲೆ ಬಂತು, ಕಾಲು ನಂದಲ್ಲ ಅನ್ನಿಸ್ತು.” ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಮಲಗಿಸಿ ಅಳೆದರು: 142/84. ಹಿಡಿದು ನಿಲ್ಲಿಸಿ ಮತ್ತೆ ಅಳೆದರು: 98/60.

ಅವತ್ತು ನನಗೆ ತಿಳಿದದ್ದು ಇಷ್ಟು. ಟಿಎಚ್‌ಸಿ ಏರಿದಾಗ ಹೃದಯ ಬಡಿತ ಹೆಚ್ಚುತ್ತದೆ, ಮಲಗಿದ್ದರೆ ಬಿ.ಪಿ. ತುಸು ಏರಲೂಬಹುದು. ಎದ್ದು ನಿಂತಾಗ ರಕ್ತನಾಳಗಳು ಬಿಗಿಯಾಗಿ ರಕ್ತವನ್ನು ಮೇಲಕ್ಕೆ ತಳ್ಳಬೇಕು. ಅವು ಸಡಿಲವಾಗಿಯೇ ಇದ್ದರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಬಿ.ಪಿ. ಮಾತ್ರೆಯೂ ಜೊತೆಗಿದ್ದರೆ ಕೇಳಬೇಕೆ? ಎದುರಿನವರು ಹೆಮ್ಮೆಪಡುವ ‘ಇಳಿಕೆ’ ಇದೇ.

ಸಿಬಿಡಿಯೂ ಸಾಧುವಲ್ಲ. ಲಿವರ್‌ನಲ್ಲಿ ಬೇರೆ ಔಷಧಿಗಳನ್ನು ಕರಗಿಸುವ ಕೆಲವು ಕಿಣ್ವಗಳಿಗೆ ಅಡ್ಡಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಇನ್ನು 2001ರ ಅಮೆರಿಕದ ಅಧ್ಯಯನವೊಂದರಲ್ಲಿ, ಗಾಂಜಾ ಸೇದಿದ ಒಂದು ಗಂಟೆಯೊಳಗೆ ಹೃದಯಾಘಾತದ ಸಾಧ್ಯತೆ 4.8 ಪಟ್ಟು ಕಂಡಿತ್ತು. ಹನಿಗೆ ಹೊಗೆ ಇಲ್ಲ, ನಿಜ. ಬಡಿತ ಏರಿಸುವ ಟಿಎಚ್‌ಸಿ ಅದರಲ್ಲೂ ಇದೆ.

ಉರಿ ಕಮ್ಮಿಯಾಗಿತ್ತೇ ಎಂದು ಕೇಳುತ್ತೀರಿ. ಆಗಿತ್ತು. ಅದು ಇಲ್ಲಿನ ಪ್ರಶ್ನೆಯಲ್ಲ.

ಭುಜ ಈಗ ಕೂಡಿಕೊಂಡಿದೆ. ಬಾಟಲಿ ನನ್ನ ಬೀರುವಿನಲ್ಲಿದೆ. ವಾರಕ್ಕೊಮ್ಮೆಯಾದರೂ ಚಿಕ್ಕಪ್ಪ “ಎಲ್ಲಿಟ್ಟಿದ್ದೀಯೋ ಅದನ್ನ?” ಎನ್ನುತ್ತಾರೆ. ಕೇಳಿಸದವನಂತೆ ಇರುತ್ತೇನೆ.