ಎಚ್ಚರಿಕೆ ಪುಟವನ್ನು ಹುಡುಕಬೇಕು

ಡಾರ್ಕ್ ರೊಮ್ಯಾನ್ಸ್, ಅಂದರೆ ಹಿಂಸೆ, ದೌರ್ಜನ್ಯದಂಥ ಕರಾಳ ವಿಷಯಗಳಿರುವ ಪ್ರೇಮಕಾದಂಬರಿ, ಓದುವ ಮುನ್ನ ಅಂಥ ವಿಷಯಗಳ ಪಟ್ಟಿಯಿರುವ ಎಚ್ಚರಿಕೆ ಪುಟ ನೋಡಿ ಎಂದು ಸಲಹೆ ಕೊಡುವುದುಂಟು. ಸರಿ, ಆದರೆ ಕಿಂಡಲ್‌ನಲ್ಲಿ ಪುಸ್ತಕ ಹೆಚ್ಚಾಗಿ ಮೊದಲ ಅಧ್ಯಾಯಕ್ಕೇ ತೆರೆದುಕೊಳ್ಳುತ್ತದೆ. ಹಿಂದಿನ ಪುಟಗಳಿಗೆ ನಾವೇ ಸರಿಯಬೇಕು. ಅಲ್ಲೂ ಕೆಲವೊಮ್ಮೆ ‘ಪೂರ್ಣ ಪಟ್ಟಿ ಲೇಖಕಿಯ ಜಾಲತಾಣದಲ್ಲಿದೆ’ ಎಂದಷ್ಟೇ ಇರುತ್ತದೆ. ಓದುಗರ ಜಾಲತಾಣ ಸ್ಟೋರಿಗ್ರಾಫ್ ವಾಸಿ: ಅಲ್ಲಿ ಓದುಗರೇ ಪ್ರತಿ ಎಚ್ಚರಿಕೆಯನ್ನೂ ತೀವ್ರ, ಮಧ್ಯಮ, ಅಲ್ಪ ಎಂದು ಗುರುತಿಸಿರುತ್ತಾರೆ. ಬರೀ ‘ಹಿಂಸೆ’ ಎಂದಿದ್ದರೆ ಏನೂ ತಿಳಿಯದು. ದೌರ್ಜನ್ಯ ಹಳೆಯ ನೆನಪೋ, ಕಣ್ಣೆದುರಿನ ದೃಶ್ಯವೋ, ಎಸಗುವವನು ನಾಯಕನೋ ಬೇರೆಯವನೋ ಎಂದು ನೋಡಿ. ಆಘಾತದಿಂದ ಚೇತರಿಸಿಕೊಳ್ಳಲು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಮೂರು ಹಂತ ವಿವರಿಸಿದರು, ಮೊದಲನೆಯದೇ ಸುರಕ್ಷತೆ. ಎಷ್ಟೋ ಕಾದಂಬರಿಗಳು ಅದನ್ನೇ ಹಾರಿಸಿ, ನಾಯಕನ ತೋಳು ಸೇರಿದ ರಾತ್ರಿಯೇ ನಾಯಕಿಯ ದುಃಸ್ವಪ್ನ ನಿಲ್ಲಿಸಿಬಿಡುತ್ತವೆ. (ಆಪ್ತಸಮಾಲೋಚಕಿಯ ಪಾತ್ರವೊಂದು ಬಂದರೆ ನಮ್ಮ ಪುಣ್ಯ!) ಆಡಿಯೋಬುಕ್ ಆದರೆ ಇನ್ನೂ ಜಾಗ್ರತೆ, ಕಣ್ಣಾಡಿಸಿ ದೃಶ್ಯ ದಾಟಲು ಅಲ್ಲಿ ದಾರಿಯಿಲ್ಲ.