ಟ್ಯೂಬಿಗೊಂದು ಡಿಪಿಆರ್

ಸುದ್ದಿ ನಿಮಗೂ ಗೊತ್ತೇ ಇದೆ. ಬಳ್ಳಾರಿಯ ಪಾರ್ಕೊಂದರಲ್ಲಿ ಹುಲ್ಲು ಕತ್ತರಿಸುವ ಯಂತ್ರದ, ಅಂದರೆ ಮೇಲೆ ಕೂತು ಓಡಿಸುವ ದೊಡ್ಡ ಲಾನ್ ಮೂವರಿನ, ಮುಂದಿನ ಗಾಲಿ ಪಂಚರ್ ಆಗಿದೆ. ಯಂತ್ರ ‘ಅನುಪಯುಕ್ತ’ ಎಂಬ ಪಟ್ಟಿಗೆ ಸೇರಿದೆ. ಹೊಸದನ್ನು ಕೊಳ್ಳಲು ಪ್ರಸ್ತಾವನೆ ಮೇಲಕ್ಕೆ ಹೋಗಿದೆ. ಯಾವ ಪಾರ್ಕು, ಯಾವ ಕಚೇರಿ ಎಂದು ಹೆಸರು ಹೇಳುವುದು ಬೇಡ. ಹೇಳಿದರೆ ಉಳಿದ ಪಾರ್ಕುಗಳು ಬೇಜಾರು ಮಾಡಿಕೊಂಡಾವು.

ಮೊದಲು ಅಭಿನಂದನೆ ಸಲ್ಲಬೇಕು. ಗಾಲಿ ಪಂಚರ್ ಆದರೆ ಟ್ಯೂಬ್ ಹಾಕಿಸುವುದು ನಮ್ಮನಿಮ್ಮಂಥವರ ಬುದ್ಧಿ. ಗಾಡಿಯನ್ನೇ ಬದಲಾಯಿಸುವುದಕ್ಕೆ ದೂರದೃಷ್ಟಿ ಬೇಕು. ರಿಪೇರಿಗೆ ಲೆಕ್ಕಶೀರ್ಷಿಕೆಯನ್ನು, ಅಂದರೆ ಖರ್ಚು ಹಾಕುವ ಸರ್ಕಾರಿ ಖಾತೆಯನ್ನು, ಹುಡುಕಿಕೊಂಡು ಅಲೆಯಬೇಕು, ಖರೀದಿಗಾದರೆ ಅದೇ ಹುಡುಕಿಕೊಂಡು ಬರುತ್ತದೆ. ಕೆಲವು ನೂರರ ಬಿಲ್ಲಿಗೆ ಮೂರು ಕೊಟೇಶನ್, ಎರಡು ಟಿಪ್ಪಣಿ, ಒಂದು ಆಡಿಟ್ ಆಕ್ಷೇಪಣೆ. ಲಕ್ಷಗಳ ಬಿಲ್ಲಾದರೆ ಅದಕ್ಕೆ ಯೋಜನೆ ಎಂಬ ಹೆಸರು, ಡಿಪಿಆರ್ ಎಂಬ ವಿಸ್ತೃತ ಯೋಜನಾ ವರದಿ, ಉದ್ಘಾಟನೆಗೆ ರಿಬ್ಬನ್ನು. ಟ್ಯೂಬಿಗೆ ರಿಬ್ಬನ್ ಕಟ್ಟಲು ಬರುವುದಿಲ್ಲ, ಅದೇ ಅದರ ದೋಷ.

ಪ್ರಯತ್ನವನ್ನೇ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಟೈರಿನ ಪಕ್ಕದಲ್ಲಿ 15x6.00-6 ಎಂದು ಬರೆದಿತ್ತು. ಮೊದಲ ಅಂಕಿಯೇ ದೊಡ್ಡದು, ಆದ್ದರಿಂದ ಅದೇ ಮುಖ್ಯ ಎಂದು ತೀರ್ಮಾನವಾಗಿ 15 ಇಂಚಿನ ಟ್ಯೂಬಿಗೆ ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹೋಯಿತು. ಬಂತು. ಪಂಚರ್ ಅಂಗಡಿಯವ ಬಿಚ್ಚಿ ನೋಡಿ, ‘ಸಾಹೇಬ್ರ, ಇದು ಕಾರಿಂದ್ರೀ’ ಅಂದ. ಆ ಟ್ಯೂಬ್ ಈಗ ಸ್ಟೋರಿನಲ್ಲಿ ದಾಸ್ತಾನು ವಹಿಯ ಪ್ರಕಾರ ಸುರಕ್ಷಿತವಾಗಿದೆ.

ಅಂಕಿಗಳನ್ನು ಓದುವುದು ಬ್ರಹ್ಮವಿದ್ಯೆಯಲ್ಲ. 15 ಎಂದರೆ ಗಾಳಿ ತುಂಬಿದ ಟೈರಿನ ಹೊರಗಿನ ಎತ್ತರ, 6.00 ಎಂದರೆ ಅಗಲ, ಕೊನೆಯ 6 ಎಂದರೆ ಟೈರು ಕೂರುವ ರಿಮ್ಮಿನ ವ್ಯಾಸ. ಎಲ್ಲವೂ ಇಂಚಿನಲ್ಲಿ. ಕಾರಿನ ಲೆಕ್ಕದಲ್ಲಿ ಮಾತ್ರ 15 ಎಂದರೆ ರಿಮ್ಮು. ಟ್ಯೂಬ್ ಕೊಳ್ಳುವಾಗ ಕೊನೆಯ ಅಂಕಿ ತಪ್ಪುವಂತಿಲ್ಲ. ಡಬ್ಬಿಯ ಮೇಲೆ ಎರಡು ಮೂರು ಸೈಜು ಬರೆದಿದ್ದರೆ ಗಾಬರಿ ಬೇಡ. ರಿಮ್ಮು ಒಂದೇ ಆಗಿದ್ದರೆ ಅಕ್ಕಪಕ್ಕದ ಅಗಲಗಳಿಗೆ ಒಂದೇ ಟ್ಯೂಬ್ ಹಿಗ್ಗಿಕೊಳ್ಳುತ್ತದೆ. ಹಾಗೆಂದು ತೀರಾ ದೊಡ್ಡದನ್ನು ತುರುಕಿದರೆ ಒಳಗೆ ಮಡಿಕೆ ಬಿದ್ದು, ಮಡಿಕೆ ಉಜ್ಜಿ ಉಜ್ಜಿ ಅಲ್ಲೇ ಸೀಳುತ್ತದೆ. ತೀರಾ ಚಿಕ್ಕದು ಹಿಗ್ಗಿ ತೆಳುವಾಗಿ ಸಣ್ಣ ಮುಳ್ಳಿಗೂ ಸೋಲುತ್ತದೆ.

ಮಣ್ಣು ಹೊರುವ ಒಂಟಿಗಾಲಿಯ ಕೈಗಾಡಿಗಳೂ ಇದೇ ಕಾರಣಕ್ಕೆ ಗೋಡೆಗೆ ಒರಗಿವೆಯಂತೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಸೈಜು 4.00-8. ಊರಿನಲ್ಲಿ ದಿನವಿಡೀ ಓಡಾಡುವ ಆಟೋಗಳದ್ದೂ ಅದೇ 4.00-8. ವಾಲ್ವಿನ ಬಾಗು ಹೊಂದುತ್ತದೆಯೇ ಎಂದು ನೋಡಿಕೊಂಡರೆ ಆಯಿತು, ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಕೈಗೆ ಸಿಗುವ ಮಾಲು. ಆದರೆ ‘ತೋಟಗಾರಿಕಾ ಉಪಕರಣದ ಬಿಡಿಭಾಗ’ ಎಂದು ಟೆಂಡರ್ ಕರೆದರೆ ಆಟೋ ಅಂಗಡಿಯವ ಯಾಕೆ ಅರ್ಜಿ ಹಾಕಿಯಾನು?

ಇದೆಲ್ಲ ನಡೆಯುತ್ತಿರುವುದು ಯಾವ ಊರಿನಲ್ಲಿ? ಸಂಡೂರಿನ ಅದಿರು ಹೊತ್ತ ಲಾರಿಗಳು ರಾತ್ರಿಹಗಲು ಓಡಿದ ಕಾಲದಲ್ಲಿ 10.00-20ರ ಟೈರುಗಳನ್ನು ರಸ್ತೆ ಬದಿಯಲ್ಲಿ ಬಿಚ್ಚಿ, ಟ್ಯೂಬು, ಅದರಡಿಯ ರಬ್ಬರ್ ಪಟ್ಟಿಯಾದ ಫ್ಲ್ಯಾಪು ಸಮೇತ ಮತ್ತೆ ಕೂರಿಸಿ ಕಳಿಸಿದ ಊರಿದು. ಅಕ್ರಮ ಗಣಿಗಾರಿಕೆಯ ಬಗೆಗಿನ 2011ರ ಲೋಕಾಯುಕ್ತ ವರದಿಯಲ್ಲಿ ಯಾರ ಯಾರ ಹೆಸರು ಬಂದರೂ ಪಂಚರ್ ಹಾಕುವವರ ಕೆಲಸದ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಅಷ್ಟು ದೂರ ಯಾಕೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ರಭಸದಿಂದ ನುಗ್ಗುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಅದು ಪಕ್ಕದಲ್ಲೇ ನಡೆದದ್ದು. ಅಲ್ಲಿ ಡಿಪಿಆರ್ ಮಾಡಿಕೊಂಡು ಕೂತಿದ್ದರೆ ಜಲಾಶಯದ ನೀರು ಶ್ರೀಶೈಲ ಸೇರಿರುತ್ತಿತ್ತು. ಪಾರ್ಕಿನ ಗಾಲಿಯಲ್ಲಿ ಹೋಗುವುದು ಬರೀ ಗಾಳಿ, ಅದಕ್ಕೆ ಯಾರಿಗೂ ಅವಸರವಿಲ್ಲ.

ತಜ್ಞರ ಸಮಿತಿ ಬರುವ ಮೊದಲೇ ಕೆಲಸ ಮುಗಿಸಬೇಕೆಂದಿರುವವರು ಯಾರಾದರೂ ಉಳಿದಿದ್ದರೆ, ಕ್ರಮ ಹೀಗಿದೆ. ಇಂಥ ಯಂತ್ರಗಳ ಮುಂದಿನ ಗಾಲಿಗೆ ಹೆಚ್ಚಾಗಿ ನಟ್ಟು ಇರುವುದಿಲ್ಲ. ಮುಚ್ಚಳ ತೆಗೆದರೆ ಆಕ್ಸಲ್ ತುದಿಯಲ್ಲಿ ಒಂದು ಲಾಕ್ ಕ್ಲಿಪ್ಪು, ಒಂದು ವಾಷರ್. ಕ್ಲಿಪ್ಪು ಸ್ಕ್ರೂಡ್ರೈವರಿಗೆ ಚಿಮ್ಮಿ ಹುಲ್ಲಿನಲ್ಲಿ ಮಾಯವಾಗುತ್ತದೆ, ಆದ್ದರಿಂದ ಮೇಲೊಂದು ಬಟ್ಟೆ ಹಿಡಿದು ಎಬ್ಬಿಸಬೇಕು. ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಟ್ಟು, ಟೈರಿನ ಅಂಚನ್ನು ರಿಮ್ಮಿನಿಂದ ಒತ್ತಿ ಬಿಡಿಸಿ, ಸೋಪು ನೀರು ಸವರಿ ಎರಡು ಲಿವರಿನಲ್ಲಿ ಒಂದು ಬದಿಯನ್ನಷ್ಟೇ ಹೊರಗೆಳೆದರೆ ಸಾಕು.

ಇದು ಮೂಲದಲ್ಲಿ ಟ್ಯೂಬ್‌ಲೆಸ್ ಟೈರು. ಹಾಗಾಗಿ ರಿಮ್ಮಿಗೆ ಅಂಟಿಕೊಂಡ ಹಳೆಯ ರಬ್ಬರ್ ವಾಲ್ವನ್ನು ಕೊಯ್ದು ತೆಗೆಯಬೇಕು, ಟ್ಯೂಬಿನ ವಾಲ್ವು ಬರುವುದು ಅದೇ ತೂತಿನಲ್ಲಿ. ಇಲ್ಲೇ ಎರಡನೇ ಇಂಡೆಂಟ್ ಕೆಡುವುದು. ಟಿಆರ್ 13 ಎಂಬ ನೇರ ರಬ್ಬರ್ ವಾಲ್ವಿಗೆ ಸುಮಾರು ಹನ್ನೊಂದೂವರೆ ಮಿಲಿಮೀಟರ್ ತೂತು ಬೇಕು. ಟಿಆರ್ 15ಕ್ಕೆ ಹದಿನಾರರ ಹತ್ತಿರ. ಗಾಲಿಯ ಗುಂಬ (ನಡುವಿನ ಹಬ್) ಅಡ್ಡ ಬಂದು ಗಾಳಿ ಪೈಪು ಸಿಗದ ಕಡೆ ಟಿಆರ್ 87 ಎಂಬ ಬಾಗಿದ ಲೋಹದ ವಾಲ್ವು. ದೊಡ್ಡ ತೂತಿಗೆ ಸಣ್ಣ ವಾಲ್ವು ಹಾಕಿದರೆ ಅಲುಗಾಡಿ ಬುಡದಲ್ಲೇ ಕಿತ್ತುಬರುತ್ತದೆ, ಬುಡಕ್ಕೆ ಪ್ಯಾಚು ನಿಲ್ಲುವುದಿಲ್ಲ.

ಇನ್ನು ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ಹೊಕ್ಕ ಮೇಲೆ ಹೊರಗಿನ ತುಂಡು ಮುರಿದು ಬೀಳುತ್ತದೆ, ಮೊನೆ ಒಳಗೇ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಹೊಸ ಟ್ಯೂಬ್ ಹಾಕಿ ಗಾಳಿ ಹೊಡೆದ ಸಂಜೆಗೇ ಮತ್ತೆ ಪಂಚರ್. ‘ಟ್ಯೂಬೇ ಕಳಪೆ’ ಎಂದು ವರದಿ. ಹಳೆಯ ಹತ್ತಿ ಬಟ್ಟೆಯನ್ನು ಟೈರಿನ ಒಳಗೆ ನಿಧಾನ ಸುತ್ತ ಎಳೆದರೆ ಮೊನೆ ಇರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳಿನಲ್ಲಿ ಹುಡುಕಿದರೂ ಸಿಗುತ್ತದೆ, ರಕ್ತದ ಸಮೇತ. ಒಳಗಿನ ಸ್ಟಿಕ್ಕರು, ರಿಮ್ಮಿನ ತುಕ್ಕು ಎರಡನ್ನೂ ಕೆರೆದು, ಟಾಲ್ಕಂ ಪೌಡರ್ ಉದುರಿಸಿ, ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಹಿಡಿದು ಒಳಗೆ ಕೂರಿಸಬೇಕು. ಅಂಚು ಏರಿಸಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಬೇಕು, ಟ್ಯೂಬ್ ಅಂಚಿನಡಿ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಒಮ್ಮೆ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿದರೆ ಮಡಿಕೆ ಹೋಗುತ್ತದೆ. ಕೊನೆಗೆ ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ನೋಡುವುದು ಪಂಚರ್ ಅಂಗಡಿಯ ಪರೀಕ್ಷೆ. ಇದಕ್ಕೆ ಲ್ಯಾಬ್ ವರದಿ ಕೇಳಬೇಡಿ.

ಗಾಳಿ ಇಲ್ಲಿ 10ರಿಂದ 14 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು, ಟೈರಿನ ಮೇಲೆ ಬರೆದ ಮಿತಿ ದಾಟಬಾರದು. ಕಾರಿನ ಅಭ್ಯಾಸದಲ್ಲಿ 30 ಹೊಡೆದರೆ ಒಂದು ಬದಿ ಎತ್ತರವಾಗಿ ಹುಲ್ಲು ಓರೆಗೆ ಕತ್ತರಿಸುತ್ತದೆ. ಕೈಗಾಡಿಯಲ್ಲಿ ಬೋಲ್ಟಿನಿಂದ ಜೋಡಿಸಿದ ಎರಡು ತಟ್ಟೆಯ ರಿಮ್ಮಿದ್ದರೆ, ಗಾಳಿ ಪೂರ್ತಿ ಬಿಡದೆ ಬೋಲ್ಟಿಗೆ ಪಾನಾ ಹಚ್ಚುವಂತಿಲ್ಲ. ತಟ್ಟೆ ಮುಖಕ್ಕೆ ಸಿಡಿಯುತ್ತದೆ.

ಇಷ್ಟೇ ಕೆಲಸ. ಚಹಾ ತಣ್ಣಗಾಗುವ ಹೊತ್ತು ಅಲ್ಲದಿದ್ದರೂ ಒಂದು ಗಂಟೆಯದ್ದು. ಇದನ್ನು ಮಾಡದ್ದಕ್ಕೆ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹೊರಗುತ್ತಿಗೆಯ ಹೆಂಗಸರು ಕುಡುಗೋಲು ಹಿಡಿದು ಕುಕ್ಕರುಗಾಲಲ್ಲಿ ಆ ಹುಲ್ಲು ಕೊಯ್ಯುತ್ತಿದ್ದಾರೆ. ಅವರ ಸಂಬಳ ತಿಂಗಳುಗಟ್ಟಲೆ ಬಂದಿಲ್ಲ. ತಮಾಷೆ ಮಾಡುವುದಕ್ಕೂ ಬೇಸರ ಬರುತ್ತದೆ. ಅವರ ಕಡತಕ್ಕೂ ಲೆಕ್ಕಶೀರ್ಷಿಕೆ ಸಿಗುತ್ತಿಲ್ಲವಂತೆ, ಹೊಸ ಯಂತ್ರಕ್ಕೆ ಮಾತ್ರ ಸಿಕ್ಕಿದೆ.

ಹೊಸ ಯಂತ್ರದ ಪಟ್ಟಿಯಲ್ಲಿ ಕೂರುವ ಸೀಟಿನ ಕುಶನ್ನು, ಕಪ್ ಹೋಲ್ಡರು, ಹೆಡ್‌ಲೈಟು ಎಲ್ಲ ಇವೆ. ಟೈರು ಟ್ಯೂಬ್‌ಲೆಸ್, ನಾಲ್ಕು. ಸ್ಪೇರ್ ಟ್ಯೂಬ್ ಎಂಬ ಸಾಲು ಇಲ್ಲ. ಪಾರ್ಕಿನ ಬೇಲಿಯ ಜಾಲಿ ಕಡಿಸುವ ಸಾಲೂ ಇಲ್ಲ.